ಗೇರ್‌ಬಾಕ್ಸ್ ಆಯಿಲ್ ಮನೆಯಲ್ಲೇ ಬದಲಿಸಬಹುದಾ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಎಂಜಿನ್ ಆಯಿಲ್ ನಾನೇ ಬದಲಿಸ್ತೀನಿ. ಈ ಸಲ ಗೇರ್‌ಬಾಕ್ಸ್ ಆಯಿಲೂ ಮಾಡೋಣ ಅಂತಿದೀನಿ. ಮ್ಯಾನುಯಲ್ ಗಾಡಿ, 80,000 ಕಿ.ಮೀ. ಓಡಿದೆ. ಬೆಳಗ್ಗೆ ಎರಡನೇ ಗೇರ್ ಬಿಗಿಯಾಗಿ ಬೀಳುತ್ತೆ, ಗಾಡಿ ಬಿಸಿಯಾದ್ಮೇಲೆ ಸರಿಹೋಗುತ್ತೆ. ಏನೇನು ನೋಡ್ಕೋಬೇಕು?

ಉತ್ತರ: ಧಾರಾಳವಾಗಿ ಮಾಡಿ. ಆದರೆ ಕೆಳಗಿನ ಡ್ರೈನ್ ಬೋಲ್ಟ್ ಮುಟ್ಟೋಕೆ ಮುಂಚೆ ಪಕ್ಕದಲ್ಲಿ ಮೇಲಿರೋ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ. ವರ್ಷಗಟ್ಟಲೆ ಯಾರೂ ಮುಟ್ಟದ ಬೋಲ್ಟ್ ಅದು. ತುಕ್ಕು ಹಿಡಿದು ತಲೆ ಸವೆದುಹೋದರೆ ಹೊಸ ಆಯಿಲ್ ಹಾಕೋಕೆ ದಾರಿಯೇ ಇರಲ್ಲ. ಅಷ್ಟರಲ್ಲಿ ಹಳೇದನ್ನು ಇಳಿಸಿಬಿಟ್ಟಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತೆ.

ಗಾಡಿ ನಾಲ್ಕೂ ಕಡೆ ಒಂದೇ ಮಟ್ಟದಲ್ಲಿರಬೇಕು. ಮುಂದೆ ಮಾತ್ರ ಎತ್ತಿದರೆ ಆಯಿಲ್ ಪೂರ್ತಿ ಇಳಿಯಲ್ಲ, ಹಾಕಿದ ಮಟ್ಟವೂ ತಪ್ಪು ತೋರಿಸುತ್ತೆ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಲೇಬೇಡಿ, ಸ್ಟ್ಯಾಂಡ್ ಕೊಡಿ. ಸ್ವಲ್ಪ ದೂರ ಓಡಿಸಿ ಬೆಚ್ಚಗಾದ ಮೇಲೆ ಇಳಿಸಿದರೆ ಸಲೀಸಾಗಿ ಬರುತ್ತೆ. ಬಹುತೇಕ ಮ್ಯಾನುಯಲ್ ಗಾಡಿಗಳಲ್ಲಿ ಫಿಲ್ಲರ್ ತೂತಿನ ಕೆಳಅಂಚಿನವರೆಗೆ ತುಂಬಿದರೆ ಮಟ್ಟ ಸರಿ. ಬೋಲ್ಟ್‌ಗಳ ವಾಷರ್ ಹೊಸದು ಹಾಕಿ.

ಬಿಗಿ ಗೇರ್ ವಿಷಯ: ಆಯಿಲ್ ತಣ್ಣಗಿದ್ದಾಗ ಗಟ್ಟಿಯಾಗಿರುತ್ತೆ, ಅದಕ್ಕೇ ಬೆಳಗ್ಗೆ ಮಾತ್ರ ಕಾಡೋದು. ಹೊಸದು ಹಾಕಿದ ಮೇಲೆ ಹಗುರಾಗುವ ಸಾಧ್ಯತೆ ಇದೆ. ಬಿಸಿಯಾದ ಮೇಲೂ ಕರಕರ ಸದ್ದು ಬರ್ತಿದ್ದರೆ ಸಿಂಕ್ರೊನೈಸರ್ ರಿಂಗ್ (ಗೇರ್ ಬೀಳುವಾಗ ಎರಡು ಭಾಗಗಳ ವೇಗ ಹೊಂದಿಸೋ ಬಳೆ) ಸವೆದಿರಬಹುದು. ಆ ಸವೆತ ಯಾವ ಆಯಿಲ್‌ನಿಂದಲೂ ವಾಸಿಯಾಗಲ್ಲ.

ಪ್ರಶ್ನೆ: ಗಾಡಿ ಜೊತೆ ಬಂದ ಪುಸ್ತಕದಲ್ಲಿ ಆಯಿಲ್ 75ಡಬ್ಲ್ಯೂ-80 (ಎಷ್ಟು ಗಟ್ಟಿ ಅನ್ನೋ ಅಳತೆ), ಜಿಎಲ್-4 (ಗೇರ್ ಆಯಿಲ್ ದರ್ಜೆ) ಅಂತಿದೆ. ಅಂಗಡಿಯವರು ಜಿಎಲ್-5 ಇನ್ನೂ ಮೇಲು, ಅದನ್ನೇ ಹಾಕಿ ಅಂತಾರೆ.

ಉತ್ತರ: ಬೇಡ. ಜಿಎಲ್-5 ಮುಖ್ಯವಾಗಿ ಡಿಫರೆನ್ಶಿಯಲ್‌ನಲ್ಲಿ (ಎರಡು ಚಕ್ರಗಳಿಗೆ ಬಲ ಹಂಚೋ ಭಾಗ) ಹಲ್ಲುಗಳ ಮೇಲೆ ಬೀಳುವ ಭಾರೀ ಒತ್ತಡಕ್ಕೆ ಮಾಡಿದ್ದು. ಅದರಲ್ಲಿ ಗಂಧಕ, ರಂಜಕ ಸೇರಿದ ರಾಸಾಯನಿಕ ಜಾಸ್ತಿ ಇರುತ್ತೆ. ಅದು ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್‌ಗಳನ್ನು ನಿಧಾನಕ್ಕೆ ತಿನ್ನಬಹುದು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಎಲ್ಲ ಕಡೆಗೂ ಅದೇ ಒಳ್ಳೇದಲ್ಲ. ಪುಸ್ತಕದಲ್ಲಿರೋದನ್ನೇ ತನ್ನಿ.

ಪ್ರಶ್ನೆ: ಸರ್, ಇಳಿಸಿದೆ. ಡ್ರೈನ್ ಬೋಲ್ಟ್ ತುದಿಯಲ್ಲಿರೋ ಅಯಸ್ಕಾಂತದ ಮೇಲೆ ಬೂದು ಬಣ್ಣದ ಮೆತ್ತನೆ ಪದಾರ್ಥ ಅಂಟಿದೆ. ಗಾಬರಿ ಪಡಬೇಕಾ?

ಉತ್ತರ: ಎರಡು ಬೆರಳ ನಡುವೆ ಉಜ್ಜಿ ನೋಡಿ. ನುಣ್ಣಗೆ, ಕಾಡಿಗೆ ಥರ ಹರಡಿದರೆ ಅದು ಮಾಮೂಲಿ ಸವೆತ, ಒರೆಸಿ ಮತ್ತೆ ಹಾಕಿ. ಚೂರು, ಸೂಜಿಯಂಥ ಎಳೆ, ಹಲ್ಲಿನ ತುಣುಕು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಗೇರ್‌ಬಾಕ್ಸ್ ಬಿಚ್ಚುವವರಿಗೆ ತೋರಿಸಿ.

ಪ್ರಶ್ನೆ (ಇನ್ನೊಬ್ಬರಿಂದ): ಅಣ್ಣಾ, ನಮ್ಮದು ಆಟೋಮ್ಯಾಟಿಕ್. ಈ ಆಯಿಲ್ ಗಾಡಿ ಇರೋವರೆಗೂ ಬರುತ್ತೆ, ಬದಲಿಸೋದೇ ಬೇಡ ಅಂದಿದ್ರು. ನಿಜಾನಾ?

ಉತ್ತರ: ನಾನು ಒಪ್ಪಲ್ಲ. ಎಂಟು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ ಅಥವಾ 8 ವರ್ಷಕ್ಕೆ ಬದಲಿಸಿ ಅನ್ನುತ್ತೆ. ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಬರೀ ಜಾರಿಕೆಗಲ್ಲ. ಕ್ಲಚ್‌ಗಳನ್ನು ಒತ್ತಿ ಹಿಡಿಯೋದು, ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ ಬಲವನ್ನು ದಾಟಿಸೋದು, ಬಿಸಿ ಹೊತ್ತೊಯ್ಯೋದು ಎಲ್ಲ ಅದೇ. ಕಪ್ಪಾಗಿ ಸುಟ್ಟ ವಾಸನೆ ಬಂತು ಅಂದರೆ ಕ್ಲಚ್ ಸುಟ್ಟಿರಬಹುದು.

ಆದರೆ ಮನೆಯಲ್ಲಿ ಮಾಡೋದಕ್ಕೆ ಇಲ್ಲಿ ನಾನು ಸ್ವಲ್ಪ ತಡೀತೀನಿ. ಡ್ರೈನ್ ಬಿಚ್ಚಿದಾಗ ಬರೋದು ಒಟ್ಟು ಆಯಿಲ್‌ನ ಒಂದು ಭಾಗ ಮಾತ್ರ. ಉಳಿದದ್ದು ಕನ್ವರ್ಟರ್, ಕೂಲರ್ ಪೈಪ್‌ಗಳಲ್ಲೇ ಇರುತ್ತೆ. ಹಾಗಾಗಿ ಗಾಡಿ ಪುಸ್ತಕದಲ್ಲಿರೋ ಪೂರ್ತಿ ಅಳತೆ ನೋಡಿ ಸುರಿಯಬೇಡಿ. ಬಂದದ್ದನ್ನು ಅಳೆದು ಅಷ್ಟೇ ಹಾಕಿ, ಆಮೇಲೆ ಮಟ್ಟ ನೋಡಿ. ಡಿಪ್‌ಸ್ಟಿಕ್ (ಮಟ್ಟ ನೋಡೋ ಕಡ್ಡಿ) ಇಲ್ಲದ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗ, ಆಯಿಲ್ ಬಿಸಿ ನಿಗದಿತ ಡಿಗ್ರಿಯಲ್ಲಿರುವಾಗ ಕೆಳಗಿನ ಚೆಕ್ ಬೋಲ್ಟ್ ತೆಗೀಬೇಕು. ಅದು ಹಲವು ಗಾಡಿಗಳಲ್ಲಿ 35-45 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಧಾರೆ ಸಣ್ಣದಾಗಿ ತೊಟ್ಟಿಕ್ಕೋಕೆ ಶುರುವಾದಾಗ ಮುಚ್ಚಬೇಕು. ತಣ್ಣಗಿದ್ದಾಗ ನೋಡಿ ತುಂಬಿದರೆ ಆಯಿಲ್ ಹೆಚ್ಚಾಗಿಬಿಡುತ್ತೆ, ತೀರಾ ಬಿಸಿಯಿದ್ದಾಗ ನೋಡಿ ತುಂಬಿದರೆ ಕಮ್ಮಿಯಾಗುತ್ತೆ. ಹೆಚ್ಚಾದರೆ ತಿರುಗೋ ಭಾಗಗಳು ಕಡೆದು ನೊರೆ ಎಬ್ಬಿಸ್ತವೆ. ಕಮ್ಮಿಯಾದರೆ ಪಂಪ್ ಗಾಳಿ ಎಳೆಯುತ್ತೆ. ಎರಡರಲ್ಲೂ ಕ್ಲಚ್ ಜಾರುತ್ತೆ. ಆಯಿಲ್ ಬಿಸಿ ತೋರಿಸೋ ಸ್ಕ್ಯಾನರ್ ನಿಮ್ಮ ಹತ್ತಿರ ಇಲ್ಲದಿದ್ದರೆ ವರ್ಕ್‌ಶಾಪ್‌ಗೆ ಕೊಡಿ.

ಪ್ರಶ್ನೆ: ಸಿವಿಟಿಗೂ (ಹಲ್ಲಿನ ಗೇರ್ ಬದಲು ಬೆಲ್ಟ್, ಪುಲ್ಲಿ ಇರೋ ಆಟೋಮ್ಯಾಟಿಕ್) ಮಾಮೂಲಿ ಕೆಂಪು ಎಟಿಎಫ್, ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್, ನಡೆಯುತ್ತಾ?

ಉತ್ತರ: ಇಲ್ಲ. ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ಪುಲ್ಲಿಯನ್ನು ಹಿಡಿದುಕೊಂಡೇ ಓಡಬೇಕು. ಆ ಹಿಡಿತಕ್ಕೆ ತಕ್ಕ ಆಯಿಲ್ ಬೇರೆಯೇ. ತಪ್ಪು ಹಾಕಿದರೆ ಬೆಲ್ಟ್ ಜಾರಿ ಪುಲ್ಲಿಗೆ ಗೀರು ಬೀಳುತ್ತೆ. ಕಂಪನಿ ಹೇಳಿದ ಸಿವಿಟಿ ಆಯಿಲ್ ಬಿಟ್ಟು ಬೇರೇನೂ ಬೇಡ.

ಪ್ರಶ್ನೆ (ಮೊದಲನೆಯವರಿಂದ): ತುಂಬಿಸಿ ಆಯ್ತು ಸರ್. ಇನ್ನೇನಾದ್ರೂ ಇದೆಯಾ?

ಉತ್ತರ: ಒಂದು ಸುತ್ತು ಓಡಿಸಿ ಬನ್ನಿ, ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಡಿ. ಬೆಳಗ್ಗೆ ಕಲೆ ಕಂಡರೆ ವಾಷರ್ ಸರಿಯಾಗಿ ಕೂತಿಲ್ಲ. ಹಳೇ ಆಯಿಲ್ ಚರಂಡಿಗೆ ಸುರಿಯಬೇಡಿ, ಕ್ಯಾನಿಗೆ ತುಂಬಿ ಹಳೇ ಆಯಿಲ್ ತಗೊಳ್ಳೋ ವರ್ಕ್‌ಶಾಪ್‌ಗೆ ಕೊಡಿ.