ಬ್ಲಡ್‌ಹೌಂಡ್‌ನ ಹಣೆಯ ಮೇಲಿರುವುದು ಸುಕ್ಕೋ, ನೆರಿಗೆಯೋ?

ಗೆಳೆಯರೇ,

ವಾಸನೆಯ ಜಾಡು ಹಿಡಿದು ಬೇಟೆಯಾಡುವ ನಾಯಿಗಳ ರೂಪದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಬ್ಲಡ್‌ಹೌಂಡ್ ವಿಷಯಕ್ಕೆ ಬಂದಾಗ ಪದಗಳು ತೊಡಕಾಗಿವೆ, ನಿಮ್ಮ ಸಲಹೆ ಬೇಕು.

ಮೈಕಟ್ಟು ಹೇಳುವುದು ಕಷ್ಟವಲ್ಲ. ಗಂಡು ಸುಮಾರು 68 ಸೆಂ.ಮೀ. ಎತ್ತರ, 46ರಿಂದ 54 ಕೆ.ಜಿ. ತೂಕ. ದಪ್ಪ ಮೂಳೆ, ಗಿಡ್ಡ ಕೂದಲು, ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣಗಾಗುವ ಬಾಲ. ತೊಡಕೆಲ್ಲ ಮುಖದ್ದು, ಅದರಲ್ಲೂ ಹಣೆಯ ಮೇಲಿನ ಸಡಿಲ ಚರ್ಮದ್ದು.

ಇಂಗ್ಲಿಷಿನ 'ರಿಂಕಲ್' ಕಂಡ ಕೂಡಲೇ 'ಸುಕ್ಕು' ಎಂದು ಬರೆದುಬಿಡುತ್ತೇವೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಸುಕ್ಕು ಎಂದರೆ ವಯಸ್ಸಾಗಿ, ಒಣಗಿ, ಬಿಗಿ ಹೋದದ್ದು. ಈ ತಳಿಯಲ್ಲಿ ಎಳೆ ಮರಿಗೂ ಹೆಚ್ಚುವರಿ ಚರ್ಮ ಇರುತ್ತದೆ. ನಾಯಿ ಮೂಗನ್ನು ನೆಲಕ್ಕೆ ಹಚ್ಚಿ ನಡೆಯುವಾಗ ನೋಡಬೇಕು. ನೆತ್ತಿಯ ಚರ್ಮ ಮುಂದಕ್ಕೆ ಜಾರಿ ಹಣೆಯ ಮೇಲೆ ಸಾಲುಸಾಲಾಗಿ ಕೂರುತ್ತದೆ, ಕಣ್ಣಿನ ಮೇಲೂ ಇಳಿಯುತ್ತದೆ. ಉದ್ದನೆಯ ಕಿವಿಗಳು ನೆಲ ಸವರುತ್ತವೆ. ತಲೆ ಎತ್ತಿತೆಂದರೆ ಚರ್ಮ ಹಿಂದಕ್ಕೆ ಸರಿದು ಆ ಸಾಲುಗಳು ಬಹುಪಾಲು ಬಿಚ್ಚಿಕೊಳ್ಳುತ್ತವೆ. ಸೀರೆಯ ನೆರಿಗೆಯೂ ಹೀಗೇ ಅಲ್ವಾ, ಹಿಡಿದರೆ ಕೂಡುತ್ತದೆ, ಬಿಟ್ಟರೆ ಹರಡುತ್ತದೆ. ಹಾಗಾಗಿ 'ನೆರಿಗೆ'ಯೇ ಸರಿ ಎಂದು ನನ್ನ ವಾದ. ಮುದುಕರ ಮುಖಕ್ಕೂ ನೆರಿಗೆ ಬಿದ್ದಿದೆ ಎನ್ನುತ್ತೇವಲ್ಲ ಎಂದು ನೀವು ಕೇಳಬಹುದು. ನಿಜ. ಆದರೂ ನೆರಿಗೆ ಎಂದಾಗ ಏನೋ ಜಾಸ್ತಿ ಇದೆ ಅನ್ನಿಸುತ್ತದೆ, ಸುಕ್ಕು ಎಂದಾಗ ಏನೋ ಕಳೆದುಹೋಗಿದೆ ಅನ್ನಿಸುತ್ತದೆ. ಬ್ಲಡ್‌ಹೌಂಡ್‌ಗೆ ಇರುವುದು ಜಾಸ್ತಿ.

ಕತ್ತಿನ ಕೆಳಗೆ ಜೋತುಬಿದ್ದ ಚರ್ಮಕ್ಕೆ ಹೊಸ ಪದ ಹುಡುಕುವ ಕೆಲಸವೇ ಇಲ್ಲ. ದನಕ್ಕೆ ಹೇಳುವ 'ಗಂಗೆದೊಗಲು' ಇದೆ. ಎಷ್ಟು ಚೆಂದದ ಪದ! ಅದನ್ನು ಬಿಟ್ಟು 'ಗಲ್ಲದ ಕೆಳಗೆ ನೇತಾಡುವ ಚರ್ಮ' ಎಂದು ಸುಮ್ನೆ ಎಳೆಯುವುದು ಯಾಕೆ?

ಬಣ್ಣ ಮೂರು ಬಗೆ. ಕಪ್ಪು ಮತ್ತು ಕಂದು, ಲಿವರ್ (ಪಿತ್ತಜನಕಾಂಗದ ಹಾಗಿನ ಕಡುಗಂದು) ಮತ್ತು ಕಂದು, ಆಮೇಲೆ 'ರೆಡ್' ಎಂದು ಕರೆಯುವುದು. ಈ ಕೊನೆಯದಕ್ಕೆ 'ಕೆಂಪು' ಎಂದರೆ ಓದುವವರ ಕಣ್ಣಿಗೆ ಬೇರೆಯೇ ನಾಯಿ ಬರುತ್ತದೆ. 'ಕೆಂಚು' ಎಂದು ಹಾಕಿದ್ದೇನೆ.

ಈಗ ನಿಜವಾದ ಪ್ರಶ್ನೆ. ಇದರ ಮೇಲ್ತುಟಿ ಎರಡೂ ಬದಿಗೆ ಕೆಳದವಡೆಯನ್ನು ದಾಟಿ ಇಳಿಬಿದ್ದಿರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ 'ಫ್ಲೂಸ್' ಎಂಬ ಪದವೇ ಇದೆ. ನಾನು 'ಜೋಲುತುಟಿ' ಎಂದು ಬರೆದು ನಿಲ್ಲಿಸಿದ್ದೇನೆ. 'ಜೋಲುಮೋರೆ'ಗೆ ನಮ್ಮಲ್ಲಿ ಬೇಸರದ ಅರ್ಥ ಅಂಟಿಕೊಂಡಿದೆ. ಈ ನಾಯಿಯ ಮುಖ ನೋಡಿ ಪಾಪ ಎನ್ನುವವರೇ ಜಾಸ್ತಿ. ಪದದಲ್ಲೂ ಆ ತಪ್ಪು ಭಾವ ಸೇರಿಬಿಟ್ಟರೆ ಎಂಬ ಅಳುಕು ನನಗಿದೆ. ಮುಖದ ಆಕಾರ ಹಾಗಿದೆ ಅಷ್ಟೇ, ನಾಯಿಗೆ ದುಃಖವೇನೂ ಇಲ್ಲ.

ಕಣ್ಣಿನ ಕೆಳರೆಪ್ಪೆಯ ವಿಷಯ ಮಾತ್ರ ಬೇರೆ. ಅದು ತೀರಾ ಜೋತುಬಿದ್ದು ಒಳಗಿನ ಕೆಂಪು ಪೊರೆ ಕಂಡರೆ ಧೂಳು ಸೇರುತ್ತದೆ, ಕಣ್ಣು ಉರಿಯುತ್ತದೆ. ಅದನ್ನು ತಳಿಯ ಅಂದದ ಸಾಲಿಗೆ ಸೇರಿಸಿ ಬರೆಯಲು ನನಗೆ ಇಷ್ಟವಿಲ್ಲ. 'ಇಳಿರೆಪ್ಪೆ' ಎಂದು ದೋಷವಾಗಿಯೇ ಹೇಳಿದ್ದೇನೆ.

ಈ ಪದಗಳು ಬ್ಯಾಸೆಟ್ ಹೌಂಡ್‌ಗೂ ಹೊಂದುತ್ತವೆ. ಇಂಗ್ಲೆಂಡಿನಲ್ಲಿ ನಾಯಿ ತಳಿ ಬೆಳೆಸುತ್ತಿದ್ದ ಎವರೆಟ್ ಮಿಲೇ ಅವರು 1890ರ ದಶಕದಲ್ಲಿ ಆ ತಳಿಗೆ ಬ್ಲಡ್‌ಹೌಂಡ್ ಬೆರೆಸಿದ್ದರು. ಕಾಲು ಗಿಡ್ಡವಾದರೂ ನೆರಿಗೆ, ಗಂಗೆದೊಗಲು, ಇಳಿಬಿದ್ದ ಕಿವಿ ಅದಕ್ಕೂ ಇವೆ.

'ಜೋಲುತುಟಿ' ನಿಮಗೆ ಹೇಗನ್ನಿಸುತ್ತದೆ? ಕುದುರೆ, ಒಂಟೆ, ಎಮ್ಮೆ ಸಾಕುವವರ ಮಾತಿನಲ್ಲಿ ಇಳಿಬಿದ್ದ ತುಟಿಗೆ ಬೇರೆ ಪದ ಕೇಳಿದ್ದರೆ ಯಾವ ಕಡೆಯ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ.