ಚಾರಣದ ಪುಟ್ಟ ಸ್ಪಿರಿಟ್ ಒಲೆಗೆ ಯಾವ ಇಂಧನ? ಬಳಸಿದವರು ಹೇಳಿ

ನಮಸ್ಕಾರ. ಬೆನ್ನುಚೀಲದ ತೂಕ ಇಳಿಸಬೇಕೆಂದು ಗ್ಯಾಸ್ ಒಲೆ ಬಿಟ್ಟು, ತಗಡಿನ ಡಬ್ಬಿಯಿಂದ ಮಾಡಿದ ಸ್ಪಿರಿಟ್ ಒಲೆ ತಂದುಕೊಂಡಿದ್ದೇನೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಅದರಲ್ಲಿ ಏನು ಹಾಕಿ ಉರಿಸಬೇಕೆಂಬುದೇ ಗೊತ್ತಾಗುತ್ತಿಲ್ಲ. ಡಿನೇಚರ್ಡ್ ಸ್ಪಿರಿಟ್, ಮೆಥನಾಲ್, ಐಸೊಪ್ರೊಪೈಲ್ ಮೂರೂ ಆಲ್ಕೋಹಾಲೇ ತಾನೆ, ಯಾವುದಾದರೂ ನಡೆಯುತ್ತದೆಯೇ? ಮೂರು ದಿನದ ಚಾರಣ, ಒಬ್ಬನೇ ಹೋಗುವುದು. ದಿನಕ್ಕೆ ಎರಡು ಸಲ ಅರ್ಧ ಲೀಟರ್ ನೀರು ಕುದಿಸಿಕೊಂಡರೆ ಸಾಕು.

*

ಹೆಸರು ಒಂದೇ ಆದರೂ ಒಲೆಯೊಳಗೆ ಮೂರರ ಗುಣ ಮೂರು ಥರ. ನಾನು ಮೂರನ್ನೂ ಉರಿಸಿ ನೋಡಿದ್ದೇನೆ. ಈಗ ಒಯ್ಯುವುದು ಎಥನಾಲ್ (ಡಿನೇಚರ್ಡ್ ಸ್ಪಿರಿಟ್‌ನ ಮೂಲ ಆಲ್ಕೋಹಾಲ್) ಮಾತ್ರ, ಅದೂ 95 ಪ್ರತಿಶತದ ಆಸುಪಾಸಿನದು.

ಕಾರಣಕ್ಕೆ ಸ್ವಲ್ಪ ಲೆಕ್ಕ ಬೇಕು. ಅರ್ಧ ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 167 ಕಿಲೋಜೂಲ್ ಶಾಖ ಬೇಕು. ಎಥನಾಲ್ ಒಂದು ಮಿಲಿಗೆ ಸುಮಾರು 21 ಕಿಲೋಜೂಲ್ ಕೊಡುತ್ತದೆ, ಮೆಥನಾಲ್ ಸುಮಾರು 16 ಮಾತ್ರ. ಇಂಥ ಒಲೆಯಲ್ಲಿ ಅರ್ಧ ಶಾಖ ಪಾತ್ರೆಗೆ ತಾಗಿದರೆ ಅದೇ ಹೆಚ್ಚು, ಉಳಿದದ್ದು ಗಾಳಿಪಾಲು. ಹಾಗಾಗಿ ಒಂದು ಕುದಿಗೆ ಎಥನಾಲ್ 16 ಮಿಲಿ, ಮೆಥನಾಲ್ 21 ಮಿಲಿ ಬೇಕಾಗುತ್ತದೆ. ಗಾಳಿಗೆ, ತಣ್ಣನೆಯ ತೊರೆ ನೀರಿಗೆಂದು ಸ್ವಲ್ಪ ಹೆಚ್ಚೇ ಹಿಡಿದರೆ ನಿಮ್ಮ ಆರು ಕುದಿಗೆ ಎಥನಾಲ್ 120 ಮಿಲಿ, ಮೆಥನಾಲ್ 160 ಮಿಲಿ. ಮೂರು ದಿನಕ್ಕೆ ಇದು ದೊಡ್ಡ ವ್ಯತ್ಯಾಸವಲ್ಲ. ಹತ್ತು ದಿನದ ದಾರಿಯಾದರೆ ತೂಕ ಇಳಿಸಲು ಪಟ್ಟ ಪಾಡೆಲ್ಲ ಬಾಟಲಿಯಲ್ಲೇ ಕರಗಿಹೋಗುತ್ತದೆ.

ಡಿನೇಚರ್ಡ್ ಸ್ಪಿರಿಟ್ ವಿಷಯದಲ್ಲಿ ಎಚ್ಚರ ಬೇಕು. ಅದು ಎಥನಾಲೇ, ಯಾರೂ ಕುಡಿಯದಿರಲಿ ಎಂದು ಏನೋ ಬೆರೆಸಿರುತ್ತಾರೆ. ಆ ‘ಏನೋ’ ಏನು ಎಂಬುದೇ ಮುಖ್ಯ. ಕೆಲವದರಲ್ಲಿ ಕಹಿ ಪದಾರ್ಥ ಚೂರು ಇರುತ್ತದೆ, ಅದರಿಂದ ಒಲೆಗೆ ತೊಂದರೆಯಿಲ್ಲ. ಕೆಲವದರಲ್ಲಿ ಮೆಥನಾಲ್ ಧಾರಾಳವಾಗಿರುತ್ತದೆ. ಎಥನಾಲ್ ಎಂದೇ ನಂಬಿ ಒಂದು ವರ್ಷ ಬಳಸಿದ ಡಬ್ಬಿಯೊಂದರ ಸುರಕ್ಷತಾ ಮಾಹಿತಿ ಹಾಳೆಯನ್ನು ಕೊನೆಗೊಮ್ಮೆ ತರಿಸಿ ಓದಿದೆ. ಅರ್ಧಕ್ಕಿಂತ ಹೆಚ್ಚು ಮೆಥನಾಲ್ ಇತ್ತು! ತಯಾರಕರು ಆ ಹಾಳೆಯನ್ನು ಒದಗಿಸುತ್ತಾರೆ. ಪ್ರಮಾಣದ ಸಾಲು ನೋಡದೆ ಕೊಳ್ಳಬೇಡಿ. ಬಣ್ಣ ನೋಡಿ ಅಂದಾಜು ಮಾಡುವುದೂ ಬೇಡ.

*

ಮೇಲಿನವರ ಮಾತು ಸರಿ, ಆದರೆ ಚಳಿಯ ಜಾಗದಲ್ಲಿ ಮೆಥನಾಲ್ ಬಳಸುವವರಿಗೂ ಕಾರಣವಿದೆ. ಅದು 65 ಡಿಗ್ರಿಗೇ ಕುದಿಯುತ್ತದೆ, ಎಥನಾಲ್‌ಗೆ 78 ಬೇಕು. ಒಂದೇ ತಾಪದಲ್ಲಿ ಮೆಥನಾಲ್‌ನಿಂದ ಏಳುವ ಆವಿ ಎರಡು ಪಟ್ಟಿಗಿಂತ ಹೆಚ್ಚು. ಕೊರೆಯುವ ಬೆಳಗಿನಲ್ಲಿ ಎಥನಾಲ್ ಕಡ್ಡಿ ಮೇಲೆ ಕಡ್ಡಿ ಕೇಳುವಾಗ ಮೆಥನಾಲ್ ಮೊದಲ ಕಡ್ಡಿಗೇ ಹತ್ತಿಕೊಳ್ಳುತ್ತದೆ. ಮಸಿಯೂ ಇಲ್ಲ.

ಅದಕ್ಕೇ ನಾನೂ ಬಹಳ ಕಾಲ ಅದನ್ನೇ ಒಯ್ಯುತ್ತಿದ್ದೆ. ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ಜೊತೆಗಿದ್ದ ಗೆಳೆಯ ನೀರೆಂದು ತಿಳಿದು ನನ್ನ ಇಂಧನದ ಬಾಟಲಿ ಎತ್ತಿದ. ಮುಚ್ಚಳ ತೆಗೆದಾಗ ವಾಸನೆ ಬಂತು, ಕೆಳಗಿಟ್ಟ. ಅಷ್ಟೇ ನಡೆದದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೊಲ್ಲುತ್ತದೆ. ಒಂದೆರಡು ಗುಟುಕಿಗೇ ದೃಷ್ಟಿ ಹೋಗಬಹುದು, ಜೀವವೂ ಹೋಗಬಹುದು. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಮರುದಿನವೇ ಅದನ್ನು ಬಿಟ್ಟೆ. ಈಗ ಎಥನಾಲ್ ಬಾಟಲಿಯನ್ನು ಹತ್ತು ನಿಮಿಷ ಜಾಕೆಟ್ ಒಳಗಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತೇನೆ, ಹತ್ತಿಕೊಳ್ಳುತ್ತದೆ. ಆ ಬಾಟಲಿಗೂ ಕೆಂಪು ಟೇಪ್ ಸುತ್ತಿದ್ದೇನೆ. ಅದರ ಆಕಾರವೇ ಬೇರೆ, ಇಡುವ ಜೇಬೂ ಬೇರೆ.

*

ಐಸೊಪ್ರೊಪೈಲ್ ಬೇಡ. ಶಾಖ ಎಥನಾಲ್‌ಗಿಂತ ಹೆಚ್ಚೇ ಇದೆ, ಆದರೆ ಈ ಪುಟ್ಟ ಒಲೆಯಲ್ಲಿ ಅದಕ್ಕೆ ಸಾಕಷ್ಟು ಗಾಳಿ ಸಿಗುವುದಿಲ್ಲ. ಹಳದಿ ಉರಿ, ಪಾತ್ರೆಯ ತಳಕ್ಕೆ ದಪ್ಪ ಕಾಡಿಗೆ, ಅಲ್ಲಿಂದ ಚೀಲಕ್ಕೆ, ಬಟ್ಟೆಗೆ. ಕೈ ಶುಚಿಗೆಂದು ಮಾರುವ 70 ಪ್ರತಿಶತದ್ದಂತೂ ಅರ್ಧ ಉರಿದು ತಣ್ಣಗಾಗುತ್ತದೆ, ತಳದಲ್ಲಿ ನೀರು ಉಳಿಯುತ್ತದೆ.

ಎಥನಾಲ್ ಕೂಡ ಕೆಲವು ಒಲೆಗಳಲ್ಲಿ ತುಸು ಮಸಿ ಕಟ್ಟುತ್ತದೆ. ಹತ್ತರಲ್ಲೊಂದು ಪಾಲು ನೀರು ಬೆರೆಸಿ ನೋಡಿ. ಕುದಿ ಸ್ವಲ್ಪ ತಡವಾಗುತ್ತದೆ, ತಳ ಚೊಕ್ಕಟವಾಗಿರುತ್ತದೆ.

*

ಎಥನಾಲ್ ಕೊಳ್ಳಿ, ಮೆಥನಾಲ್ ಕೊಳ್ಳಿ, ಇದೊಂದನ್ನು ಮರೆಯಬೇಡಿ: ಬಿಸಿಲಿನಲ್ಲಿ ಅದರ ಉರಿ ಕಾಣುವುದೇ ಕಷ್ಟ. ಮೆಥನಾಲ್‌ದಂತೂ ಪೂರ್ತಿ ಅದೃಶ್ಯ. ಒಂದು ಮಧ್ಯಾಹ್ನ ಒಲೆ ಆರಿದೆ ಎಂದುಕೊಂಡು ಬಾಟಲಿಯಿಂದ ಮತ್ತೆ ಸುರಿದೆ. ಉರಿ ಧಾರೆ ಹಿಡಿದು ಮೇಲೇರಿತು. ಬಾಟಲಿ ಬಿಸಾಡಿದೆ, ಬಲಗೈ ಬೆರಳುಗಳು ಬೆಂದವು, ಸುತ್ತ ಒಣಹುಲ್ಲು ಇರದಿದ್ದದ್ದು ಪುಣ್ಯ. ಈಗ ಪಾತ್ರೆ ಕವುಚಿ ಗಾಳಿ ಕಟ್ಟುತ್ತೇನೆ, ಒಲೆಯನ್ನು ಕೈಯಲ್ಲಿ ಎತ್ತಲು ಬರುವಷ್ಟು ತಣ್ಣಗಾದ ಮೇಲೆಯೇ ಮತ್ತೆ ತುಂಬಿಸುತ್ತೇನೆ. ತುಂಬಿಸುವುದೂ ಅಳತೆಯ ಪುಟ್ಟ ಲೋಟದಿಂದ, ದೊಡ್ಡ ಬಾಟಲಿಯಿಂದ ನೇರವಾಗಿ ಎಂದೂ ಇಲ್ಲ. ಟೆಂಟ್ ಒಳಗೆ ಹಚ್ಚಲೇಬೇಡಿ: ಬೆಂಕಿಯ ಭಯ ಒಂದು, ಕಾರ್ಬನ್ ಮೊನಾಕ್ಸೈಡ್ ಇನ್ನೊಂದು.

ವಿಮಾನದಲ್ಲಿ ಹೋಗುವುದಾದರೆ ಈ ಇಂಧನವನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ದೊಡ್ಡ ಚೀಲದಲ್ಲೂ ಇಲ್ಲ. ಇಳಿದ ಊರಿನಲ್ಲೇ ಹುಡುಕಿಕೊಳ್ಳಬೇಕು.

*

ಎಲ್ಲರಿಗೂ ಧನ್ಯವಾದ. ಹಾಳೆ ನೋಡಿಯೇ ಎಥನಾಲ್ ತಂದೆ. ನಿನ್ನೆ ಮನೆಯ ಹಿಂದೆ ಪರೀಕ್ಷೆ ಮಾಡಿದೆ. ಗಾಳಿಗೆ ಮರೆ ಇಲ್ಲದೆ 20 ಮಿಲಿ ಪೂರ್ತಿ ಉರಿದರೂ ನೀರು ಕುದಿಯಲಿಲ್ಲ. ಸುತ್ತ ತೆಳು ಅಲ್ಯೂಮಿನಿಯಂ ಹಾಳೆ ನಿಲ್ಲಿಸಿದ ಮೇಲೆ 17 ಮಿಲಿಗೇ ಕುದಿ ಬಂತು. ಆರು ಸಲಕ್ಕೆ 130 ಮಿಲಿ ಹಿಡಿದು ಹೊರಡುತ್ತೇನೆ. ಕೆಂಪು ಟೇಪ್ ಸುತ್ತಿಯಾಗಿದೆ.