ಸಹಾಯ ಬೇಕು: ನಕ್ಷೆಯಲ್ಲಿ ಉದ್ಯಾನ, ಆಸ್ತಿ ವಹಿಯಲ್ಲಿ ಸಿ.ಎ. (ನಾಗರಿಕ ಸೌಲಭ್ಯ) ನಿವೇಶನ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಗಿರುವ ಒಂದೇ ಉದ್ಯಾನದ ಅರ್ಧ ಭಾಗದಲ್ಲಿ ವಾಣಿಜ್ಯ ಮಳಿಗೆಗಳನ್ನು ಕಟ್ಟುವ ಪ್ರಸ್ತಾವ ಈ ಸಾಲಿನ ನಗರಾಡಳಿತದ ಆದ್ಯತೆಗಳ ಪಟ್ಟಿಯಲ್ಲಿ ಸೇರಿದೆ. ನಿವಾಸಿಗಳಾದ ನಾವು ಕೇಳಿದ್ದು ಚರಂಡಿಯ ಹೂಳೆತ್ತಿಸಿ, ಬೀದಿದೀಪ ಹಾಕಿಸಿ ಎಂದಷ್ಟೇ. ಹಿರಿಯರು ಸಂಜೆ ಕೂರುವ ಹೊಂಗೆ ಮರಗಳ ಸಾಲು ಆ ಅರ್ಧದಲ್ಲಿಯೇ ಇರುವುದರಿಂದ ನನಗೆ ನಿಜಕ್ಕೂ ಸಂಕಟವಾಗಿದೆ.

ವಾರ್ಡ್ ಸಮಿತಿಗೆ ಸಹಿ ಸಂಗ್ರಹಿಸಿ ಮನವಿ ಕೊಟ್ಟೆವು; ಉತ್ತರ ಬಂದಿಲ್ಲ. ಮಾಹಿತಿ ಹಕ್ಕಿನಡಿ ಪಡೆದ ಅನುಮೋದಿತ ನಕ್ಷೆಯಲ್ಲಿ ಆ ಜಾಗ ‘ಉದ್ಯಾನ’ ಎಂದಿದ್ದರೆ, ಆಸ್ತಿ ವಹಿಯಲ್ಲಿ ‘ಸಿ.ಎ. ನಿವೇಶನ’ ಎಂದು ನಮೂದಾಗಿದೆ. ಉದ್ಯಾನ ಹಾಗೂ ಬಯಲು ಜಾಗಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಮೀಸಲಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಹಂಚಿದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ ಎಂಬುದನ್ನೂ ಓದಿದ್ದೇನೆ. ಆದರೆ ದಾಖಲೆಗಳೇ ಒಂದಕ್ಕೊಂದು ಹೊಂದದಿರುವಾಗ ಆ ರಕ್ಷಣೆಯನ್ನು ಹೇಗೆ ಕೇಳಬೇಕೆಂಬುದೇ ನನಗೆ ತಿಳಿಯುತ್ತಿಲ್ಲ.

ಇಂಥ ಸಂದರ್ಭವನ್ನು ಎದುರಿಸಿದವರು ದಯವಿಟ್ಟು ತಿಳಿಸಿ: ಮೊದಲು ಆಸ್ತಿ ವಹಿಯ ತಿದ್ದುಪಡಿಗೆ ಅರ್ಜಿ ಹಾಕಬೇಕೇ, ಅಥವಾ ಅನುಮೋದಿತ ನಕ್ಷೆಯನ್ನೇ ಆಧಾರವಾಗಿಟ್ಟು ನೇರವಾಗಿ ಆಯುಕ್ತರಿಗೆ ಆಕ್ಷೇಪಣೆ ಸಲ್ಲಿಸಬಹುದೇ?